ಯುಗಾದಿಗೆ ಕೊಂಡ ಸ್ಕೆಚ್ ಬುಕ್ ಇನ್ನೂ ಖಾಲಿ. ಜೊತೆಗೆ ಕೂತು ಚಿತ್ರ ಬಿಡಿಸುವವರು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಇದ್ದೀರಾ?

ಖಾಲಿಹಾಳೆ (ವಿದ್ಯಾನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಪೆದ್ದು ಅನ್ನಿಸಬಹುದು, ಆದರೂ ಕೇಳುತ್ತೇನೆ.

ಯುಗಾದಿಗೆ ನನಗೆ ನಾನೇ ಒಂದು ಸ್ಕೆಚ್ ಬುಕ್ ಕೊಂಡುಕೊಂಡೆ. ಗಟ್ಟಿ ರಟ್ಟು, 300 ಜಿಎಸ್‌ಎಂನ ದಪ್ಪ ಹಾಳೆ, ಮುಚ್ಚಿಡಲು ಎಲಾಸ್ಟಿಕ್ ಪಟ್ಟಿ. ಬೆಲೆ ಎಷ್ಟೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ. ಈಗ ದೀಪಾವಳಿ ಬಂತು. ಒಳಗೆ ಒಂದು ಗೆರೆಯೂ ಇಲ್ಲ.

ಬೇರೆಯವರ ಚಿತ್ರ ಡೈರಿ ನೋಡುವ ಹುಚ್ಚು ಮಾತ್ರ ದಿನಕ್ಕಿಷ್ಟು ಏರುತ್ತಿದೆ. ಒಬ್ಬರು ಬೆಳಗಿನ ಚಹಾದ ಕಪ್ಪು ಬಿಡಿಸಿ ಪಕ್ಕದಲ್ಲಿ ಎರಡು ಸಾಲು ಬರೆದಿರುತ್ತಾರೆ. ಇನ್ನೊಬ್ಬರು ಬಸ್ ಟಿಕೆಟ್ ಅಂಟಿಸಿ ಅದರ ಸುತ್ತ ಊರಿನ ರಸ್ತೆಯನ್ನೇ ಬಿಡಿಸಿರುತ್ತಾರೆ. ನೋಡುತ್ತಾ ಕೂತರೆ ಕೈ ತುರಿಸುತ್ತದೆ. ನನ್ನ ಪುಸ್ತಕ ತೆರೆದರೆ ಅದೇ ಕೈ ತಣ್ಣಗಾಗುತ್ತದೆ.

ಕಾರಣ ಗೊತ್ತು. ಏಳನೇ ಕ್ಲಾಸಿನಲ್ಲಿ ಎಮ್ಮೆ ಬಿಡಿಸಿದ್ದೆ. ಅದು ಕುರ್ಚಿಯ ಹಾಗೆ ಕಾಣುತ್ತದೆ ಎಂದು ಮಾಸ್ತರರು ಇಡೀ ಕ್ಲಾಸಿಗೆ ಎತ್ತಿ ತೋರಿಸಿದ್ದರು. ಆವತ್ತಿನಿಂದ ಪೆನ್ಸಿಲ್ ಹಿಡಿದಿಲ್ಲ. ಈಗ ನನಗೆ 37.

ನೀವು ಯಾರಾದರೂ ಇಂಥ ಡೈರಿ ಇಟ್ಟಿದ್ದೀರಾ? ದಿನಾ ಏನು ಬಿಡಿಸಬೇಕೆಂದು ಹೇಗೆ ಹೊಳೆಯುತ್ತದೆ? ಒಬ್ಬಳೇ ಕೂತರೆ ನನ್ನಿಂದ ಆಗುವುದಿಲ್ಲ ಅನ್ನಿಸುತ್ತಿದೆ.

ಚಿಗರಿಸೀಟು

ಮೊದಲ ಪುಟ ಬಿಟ್ಟುಬಿಡಿ. ಎರಡನೆಯದರಿಂದ ಶುರು ಮಾಡಿ. ಮುಗಿಯಿತು.

ಮುಸುಕಿನಬಾವಿ (ಗದಗ)

ಮೊದಲ ಪುಟದಲ್ಲಿ ಚಹಾ ಚೆಲ್ಲಿ. ಬೇಕಂತಲೇ. ಕಲೆ ಬಿದ್ದ ಹಾಳೆಗೆ ಯಾರೂ ಹೆದರುವುದಿಲ್ಲ. ನಾನು ಹಾಗೇ ಶುರು ಮಾಡಿದ್ದು. ಈಗ ಹನ್ನೊಂದನೇ ಪುಸ್ತಕ ನಡೆದಿದೆ.

ಖಾಲಿಹಾಳೆ

300 ಜಿಎಸ್‌ಎಂ ಮೇಲೆ ಚಹಾನಾ?! ಹಾಳೆ ಒಂದಕ್ಕೆ ಎಷ್ಟು ಬಿತ್ತು ಗೊತ್ತಾ ನಿಮಗೆ?

ಮುಸುಕಿನಬಾವಿ

ಅದೇ ರೋಗ ನೋಡಿ, ಅಕ್ಕಾ. ಹಾಳೆ ತುಟ್ಟಿಯಾದರೆ ಕೈ ನಡುಗುತ್ತದೆ.

ಕಿರ್ದಿಕಾಕಾ

ತಂಗಿ, ನಾನು ದಾಜಿಬಾನ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ 31 ವರ್ಷ ಲೆಕ್ಕ ಬರೆದವನು. ದೀಪಾವಳಿಗೆ ಹೊಸ ಕಿರ್ದಿ ಪೂಜೆ ಆಗುತ್ತದಲ್ಲ, ಕೆಂಪು ಬಟ್ಟೆ ಹೊದಿಸಿದ ಉದ್ದನೆ ಪುಸ್ತಕ. ಮಾಲೀಕರು ಪ್ರತಿ ವರ್ಷ ಐದು ತರಿಸುತ್ತಿದ್ದರು. ಖರ್ಚಾಗುವುದು ನಾಲ್ಕೇ. ಐದನೆಯದು ನನಗೆ.

ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಗಾದಿಯ ಮೇಲೆ ಕೂತು ಸೀರೆ ಆರಿಸುವವರ ಚಿತ್ರ ತೆಗೆಯುತ್ತಿದ್ದೆ. ಸೀರೆ ಆರಿಸುವ ಹೆಂಗಸರು ಒಂದು ತಾಸು ಅಲುಗಾಡುವುದಿಲ್ಲ. ಅಂಥ ಮಾಡೆಲ್ ಮುಂಬೈಯ ಜೆ.ಜೆ. ಸ್ಕೂಲಿನಲ್ಲೂ ಸಿಗಲಿಕ್ಕಿಲ್ಲ. ಜೊತೆಗೆ ಬಂದ ಗಂಡಸರು ಮಾತ್ರ ಗಳಿಗೆಗೊಮ್ಮೆ ಎದ್ದು ಹೊರಗೆ ಹೋಗುತ್ತಾರೆ, ಅವರ ಚಿತ್ರ ಒಂದೂ ಪೂರ್ತಿ ಆಗಿಲ್ಲ. ಜಮಾ ಕಡೆ ಮುಖ, ಖರ್ಚಿನ ಕಡೆ ಕಾಲು. ಗೆರೆ ಹೊಡೆದ ಹಾಳೆ, ಅಂಗಡಿಯ ನೀಲಿ ಶಾಯಿ. ನೆರಳು ಬೇಕಾದರೆ ಬೆರಳಿಗೆ ಉಗುಳು ಹಚ್ಚಿ ಒರೆಸುವುದು.

ಇಂಥವು 23 ಪುಸ್ತಕ ಇವೆ. ರದ್ದಿಗೆ ಹಾಕುತ್ತೇನೆ ಎಂದು ನಮ್ಮ ಮನೆಯವಳು ಮೊದಲನೆಯದರಿಂದಲೇ ಹೇಳುತ್ತಿದ್ದಾಳೆ.

ಚಿಗರಿಸೀಟು

ಕಾಕಾ!! ಇದನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ?

ಕಿರ್ದಿಕಾಕಾ

ಬಚ್ಚಿಟ್ಟಿಲ್ಲಪ್ಪಾ. ಯಾರೂ ಕೇಳಲಿಲ್ಲ.

ಗ್ರೇಡ್‌ಮಾಸ್ತರ (ಧಾರವಾಡ)

ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದೀರಿ, ಒಂದು ಕಟು ಮಾತು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವವನು. ಈ ಚಿತ್ರ ಡೈರಿ, ಆರ್ಟ್ ಜರ್ನಲ್ ಫ್ಯಾಷನ್ನು ಜನರನ್ನು ಹಾಳು ಮಾಡುತ್ತಿದೆ. ಎರಡು ಎಲೆ, ಒಂದು ಕಪ್ಪು, ಪಕ್ಕದಲ್ಲಿ ಓರೆ ಅಕ್ಷರ. ಮುಗಿದೇ ಹೋಯಿತು, ಕಲಾವಿದರು!

ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ನಮ್ಮ ಹುಡುಗರು ಎಷ್ಟು ತಿದ್ದುತ್ತಾರೆ ಗೊತ್ತೇ? ಮಡಕೆಯ ಬಾಯಿಯ ಅಂಡಾಕಾರ ಸರಿಯಾಗಿ ಬರಲಿಕ್ಕೇ ಎರಡು ತಿಂಗಳು. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಚಿತ್ರಕಲಾ ಶಾಲೆ ಕಟ್ಟಿದ್ದು ಶಿಸ್ತಿನ ಮೇಲೆ. ಮೊದಲು ಗೆರೆ ಕಲಿಯಿರಿ. ಡೈರಿ ಆಮೇಲೆ.

ಯಾಲಕ್ಕಿಹಾರ (ಹಾವೇರಿ)

ಮಾಸ್ತರ್ರೆ, ಅಕ್ಕ ಪರೀಕ್ಷೆಗೆ ಕಟ್ಟಿಲ್ಲ.

ಮುಸುಕಿನಬಾವಿ

ಸರ್, ತಪ್ಪು ತಿಳಿಯಬೇಡಿ. ಶಿಸ್ತು ಬೇಕು, ಒಪ್ಪಿದೆ. ಆದರೆ ಅಂಡಾಕಾರ ಬಂದ ಮೇಲೆ ಡೈರಿ ಅಂದರೆ ಈಜು ಕಲಿತ ಮೇಲೆ ಬಾವಿಗೆ ಇಳಿ ಅಂದ ಹಾಗೆ. ನಾನು ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಬಾಗಿಲನ್ನೇ ಒಂಬತ್ತು ಸಲ ಬಿಡಿಸಿದ್ದೇನೆ. ಮೊದಲನೆಯದು ಬೀರು ಇದ್ದ ಹಾಗಿದೆ. ಒಂಬತ್ತನೆಯದರಲ್ಲಿ ಬಳ್ಳಿ ಎಲ್ಲಿ ಶುರುವಾಗಿ ಎಲ್ಲಿ ಸುತ್ತುತ್ತದೆ ಎಂದು ಕಣ್ಣಿಗೆ ತಿಳಿದಿದೆ. ಯಾರೂ ಕಲಿಸಲಿಲ್ಲ, ಬಾಗಿಲೇ ಕಲಿಸಿತು.

ಡಂಬಳದ ದೊಡ್ಡಬಸಪ್ಪನ ಗುಡಿ ಇನ್ನೂ ಮಜಾ. ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರದ ಆಕಾರ. ಎಣಿಸುತ್ತಾ ಬಿಡಿಸಲು ಹೋದರೆ ಹದಿನೇಳಕ್ಕೆ ಬರುವಷ್ಟರಲ್ಲಿ ಬಿಸಿಲು ಬೇರೆ ಕಡೆ ಹೋಗಿರುತ್ತದೆ, ನೆರಳೆಲ್ಲ ಬದಲು. ಮತ್ತೆ ಮೊದಲಿನಿಂದ. ಫೋಟೋ ತೆಗೆದು ಬಂದಿದ್ದರೆ ಮೂಲೆ ಇವೆ ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

ಕಸೂತಿಮೊಮ್ಮಗಳು (ನವಲಗುಂದ)

ಇದನ್ನೆಲ್ಲ ಓದಿ ನಮ್ಮ ಅಜ್ಜಿಯ ಟ್ರಂಕು ತೆಗೆದೆ. ಅದರಲ್ಲಿ ಚೌಕಳಿ ಹಾಳೆಯ ಒಂದು ಲೆಕ್ಕದ ನೋಟ್‌ಬುಕ್ ಇದೆ. ಕಸೂತಿ ನಮೂನೆಗಳು. ಚೌಕದ ಮೇಲೆ ಚುಕ್ಕಿ, ಗೆರೆ. ತೇರು, ಗೋಪುರ, ತುಳಸಿಕಟ್ಟೆ, ನವಿಲು, ಆನೆ. ಗಾವಂತಿ ಹೊಲಿಗೆಗೆ ಬಟ್ಟೆಯ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಹಾಕುವ ಹಾಗಿಲ್ಲ. ಅದಕ್ಕೇ ಸೂಜಿ ಹೋಗುವ ದಾರಿ ಬರುವ ದಾರಿ ಎರಡನ್ನೂ ಬೇರೆ ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದಾರೆ.

ವಿಷಯ ಏನೆಂದರೆ, ಆ ಪುಸ್ತಕ ಅಜ್ಜಿ ಒಬ್ಬರದಲ್ಲ. ಓಣಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತಂತೆ. ಒಯ್ದವರು ತಮಗೆ ಬೇಕಾದ ನಮೂನೆ ಇಳಿಸಿಕೊಂಡು, ತಮ್ಮದೊಂದು ಸೇರಿಸಿ ವಾಪಸು ಕೊಡಬೇಕು. ಬದಿಗೆ ಸಣ್ಣ ಸಣ್ಣ ಮಾತೂ ಇವೆ. "ಮಗಳ ಕುಬಸಕ್ಕೆ ಹಾಕಿದ್ದು." "ಇದು ತಪ್ಪಾಗಿದೆ, ಎಂಟು ಮನೆ ಬಿಡಬೇಕು." (ಮನೆ ಅಂದರೆ ಹಾಳೆಯ ಚೌಕ.) ಒಂದು ಪುಟದಲ್ಲಂತೂ ಯಾರೋ ಸೀಮೆಎಣ್ಣೆ ಸ್ಟೋವಿನ ನಮೂನೆ ಹಾಕಿದ್ದಾರೆ! ತೇರು, ಆನೆ, ಸ್ಟೋವು. ಆ ಮನೆಗೆ ಆ ವರ್ಷ ಸ್ಟೋವು ಬಂದಿರಬೇಕು.

ಇದೂ ಆರ್ಟ್ ಜರ್ನಲ್ಲೇ ಅಲ್ವಾ?

ಚಿಗರಿಸೀಟು

ಸ್ಟೋವ್ ಕಸೂತಿ ಹಾಕಿದ ಸೀರೆ ಯಾರ ಹತ್ತಿರವಾದರೂ ಇದ್ದರೆ ನನಗೆ ಬೇಕು. ತಮಾಷೆ ಅಲ್ಲ.

ಒಂಟಿಕಾಗೆ

ನಾನು ಎಲ್ಲರ ಮಾತಿಗೂ ವಿರುದ್ಧ. ಡೈರಿ ಅಂದಮೇಲೆ ಖಾಸಗಿ. ಜೊತೆ, ಗುಂಪು, ಸ್ಫೂರ್ತಿ ಅನ್ನುವುದೆಲ್ಲ ಕೊನೆಗೆ ಇನ್ಸ್ಟಾಗ್ರಾಂ ಲೈಕಿಗೇ ಬಂದು ನಿಲ್ಲುತ್ತದೆ. ಫ್ರೀಡಾ ಕಾಲೋ ಬದುಕಿನ ಕೊನೆಯ ಹತ್ತು ವರ್ಷ ಚಿತ್ರ ಡೈರಿ ಇಟ್ಟಳು. ತೀರಿಕೊಂಡಿದ್ದು 1954ರಲ್ಲಿ, ಅದು ಅಚ್ಚಾಗಿದ್ದು 1995ರಲ್ಲಿ. ಯಾರ ಲೈಕಿಗೆ ಕಾದಿದ್ದಳು? ಲಿಯೊನಾರ್ಡೊ ಅಂತೂ ಯಾರೂ ಓದಬಾರದೆಂದೇ ಕನ್ನಡಿ ಅಕ್ಷರದಲ್ಲಿ ಬರೆದ.

ಮುಸುಕಿನಬಾವಿ

ಕಾಗೆಯವರೇ, ಬಚ್ಚಿಡಲು ಬರೆದ ಅನ್ನುವುದು ಕಥೆ. ಅವನು ಎಡಚ. ಎಡಗೈಯಲ್ಲಿ ಎಡದಿಂದ ಬಲಕ್ಕೆ ಬರೆದರೆ ಹಸಿ ಶಾಯಿ ಕೈಗೆ ಮೆತ್ತುತ್ತದೆ. ಬಲದಿಂದ ಬರೆದರೆ ಆ ತಾಪತ್ರಯ ಇಲ್ಲ. ನಾನೂ ಎಡಚ, ಅಂಗೈ ಸದಾ ನೀಲಿ. ಬಚ್ಚಿಡಬೇಕಿದ್ದರೆ ಕನ್ನಡಿ ಹಿಡಿದ ಕೂಡಲೇ ಓದಬಹುದಾದ ಗುಟ್ಟು ಯಾರು ಮಾಡುತ್ತಾರೆ?

ಸಾಧನಕೇರಿಹುಡುಗ

ವ್ಯಾನ್ ಗೋ ತಮ್ಮ ಥಿಯೋಗೆ ಬರೆದ ಪತ್ರಗಳಲ್ಲಿ ಎಷ್ಟೊಂದು ಸ್ಕೆಚ್ ಇವೆ. ಈಗ ಇಂಥ ಚಿತ್ರ ಮಾಡುತ್ತಿದ್ದೇನೆ ಎಂದು ಪತ್ರದ ಮಧ್ಯೆಯೇ ಬಿಡಿಸಿ ತೋರಿಸುವುದು. ನಂದಲಾಲ್ ಬೋಸರು ಶಾಂತಿನಿಕೇತನದಿಂದ ಗೆಳೆಯರಿಗೆ, ಶಿಷ್ಯರಿಗೆ ಕಾರ್ಡಿನ ಮೇಲೆ ಚಿತ್ರ ಬಿಡಿಸಿ ಅಂಚೆಗೆ ಹಾಕುತ್ತಿದ್ದರು. ನೋಡುವವರು ಒಬ್ಬರಿದ್ದರೂ ಸಾಕು, ಕೈ ಓಡುತ್ತದೆ. ಲೈಕು ಬೇರೆ, ಇದು ಬೇರೆ.

ಅಷ್ಟಕ್ಕೂ ಬೇಂದ್ರೆಯವರು 1922ರಲ್ಲಿ ಗೆಳೆಯರ ಗುಂಪು ಕಟ್ಟಿದ ಊರು ನಮ್ಮದು. ಕವಿಗಳಿಗೇ ಜೊತೆ ಬೇಕಾಯಿತು.

ಯಾಲಕ್ಕಿಹಾರ

ಬಂದೇ ಬಂತು. ಬೇಂದ್ರೆ ಹೆಸರು ಎತ್ತದೆ ಧಾರವಾಡದವರಿಗೆ ಚಹಾ ಸಹ ಇಳಿಯುವುದಿಲ್ಲ 😄

ಸಾಧನಕೇರಿಹುಡುಗ

ನೀವು ಹಾವೇರಿಯವರು ಯಾಲಕ್ಕಿ ಹಾರ ಬಿಟ್ಟು ಬೇರೆ ಏನಾದರೂ ಮಾತಾಡುತ್ತೀರಾ?

ಯಾಲಕ್ಕಿಹಾರ

ಮಾತಾಡುತ್ತೇವೆ. ಬ್ಯಾಡಗಿ ಮೆಣಸಿನಕಾಯಿ.

ಹೌದು, ಅದರದ್ದೇ ಒಂದು ಕಥೆ ಇದೆ. ಅಂಗಡಿ ಬಣ್ಣ ಯಾಕೆ, ಮನೆಯ ಬಣ್ಣದಲ್ಲೇ ಡೈರಿ ಮಾಡೋಣ ಎಂದು ಹೊರಟೆ. ಹಳದಿಗೆ ಅರಿಶಿನ. ಅದಕ್ಕೆ ಚೂರು ಸುಣ್ಣ ಹಾಕಿದರೆ ಕೆಂಪು, ಆರತಿ ನೀರಿನ ಹಾಗೆ. ಕಪ್ಪಿಗೆ ಕಾಡಿಗೆ. ಕಡುಗೆಂಪಿಗೆ ನಮ್ಮ ಬ್ಯಾಡಗಿ. ಖಾರ ಕಡಿಮೆ, ಬಣ್ಣ ಜಾಸ್ತಿ, ಅದಕ್ಕೇ ಅಲ್ವಾ ಅದು ಅಷ್ಟು ಹೆಸರುವಾಸಿ. ನೆನೆಸಿ, ಅರೆದು, ಸೋಸಿ, ಗೋಂದು ಬೆರೆಸಿ ಸಿದ್ದೇಶ್ವರ ಗುಡಿಯ ಸಂಜೆ ಆಕಾಶ ಬಿಡಿಸಿದೆ. ಏನು ಬಂತು ಅಂತೀರಿ!

ಹದಿನೈದು ದಿನಕ್ಕೆ ಅರಿಶಿನ ಮಾಯ. ಬಿಸಿಲಿಗೆ ಇಟ್ಟಿದ್ದೆ, ಅರಿಶಿನ ಬೆಳಕಿಗೆ ತಡೆಯುವುದಿಲ್ಲ. ಮೆಣಸಿನಕಾಯಿ ಆಕಾಶವನ್ನು ಹುಳ ತಿಂದವು. ತೂತು ಬಿದ್ದ ಆಕಾಶ. ಅದನ್ನು ಹಾಗೇ ಇಟ್ಟಿದ್ದೇನೆ. ಪಕ್ಕದಲ್ಲಿ ಬರೆದಿದ್ದೇನೆ: "ಖಾರ ಇಲ್ಲ ಎಂದು ಹುಳಕ್ಕೂ ಗೊತ್ತು."

ಕಿರ್ದಿಕಾಕಾ

ಈ ಮಾತಿಗೆ ನನ್ನ ಎರಡು ಕಿರ್ದಿ ಬರೆದುಕೊಡುತ್ತೇನೆ.

ಗ್ರೇಡ್‌ಮಾಸ್ತರ

ಕಾಡಿಗೆ ಮಾತ್ರ ಉಳಿದಿರಬೇಕು. ಅದು ಮಸಿ, ಇಂಗಾಲ. ಮಾಸುವುದಿಲ್ಲ.

ಯಾಲಕ್ಕಿಹಾರ

ಹೌದು ಸರ್! ಗುಡಿ ಉಳಿದಿದೆ, ಆಕಾಶ ಹೋಗಿದೆ.

ಅಳ್ನಾವರಮಳೆ

ಬಣ್ಣದ ಮಾತು ಬಂತಲ್ಲ, ನನ್ನ ಸಮಸ್ಯೆಗೂ ಯಾರಾದರೂ ಉತ್ತರ ಕೊಡಿ. ನಮ್ಮ ಕಡೆ ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಬಿಡುವುದೇ ಇಲ್ಲ. ಜಲವರ್ಣ ಒಣಗಿತು ಎಂದು ಪುಸ್ತಕ ಮುಚ್ಚುತ್ತೇನೆ, ಮರುದಿನ ಎದುರುಬದುರು ಪುಟ ಅಂಟಿಕೊಂಡಿರುತ್ತವೆ. ಎಳೆದರೆ ಒಂದರ ಮೂಗು ಇನ್ನೊಂದಕ್ಕೆ.

ಗ್ರೇಡ್‌ಮಾಸ್ತರ

ಜಲವರ್ಣಕ್ಕೆ ಅಂಟು ಬರುವುದು ಗೋಂದಿನಿಂದ. ಒಣಗಿದ ಮೇಲೂ ತೇವ ಕುಡಿದರೆ ಮತ್ತೆ ಅಂಟಾಗುತ್ತದೆ. ದಪ್ಪ ಬಣ್ಣ ಹಚ್ಚಬೇಡಿ, ನೀರು ಜಾಸ್ತಿ ಬಣ್ಣ ಕಡಿಮೆ. ಮಧ್ಯೆ ಬಟರ್ ಪೇಪರ್ ಇಡಿ. ಮಳೆಗಾಲದಲ್ಲಿ ಸುಮ್ನೆ ಪೆನ್ಸಿಲ್ಲಿಗೆ ಬನ್ನಿ, ಪೆನ್ಸಿಲ್ಲಿಗೆ ಮಳೆ ಗೊತ್ತಿಲ್ಲ.

ಅಳ್ನಾವರಮಳೆ

ಪೆನ್ನಿನಲ್ಲಿ ಗೆರೆ ಎಳೆದು ಮೇಲೆ ಬಣ್ಣ ಹಚ್ಚಿದರೆ ಶಾಯಿಯೂ ಹರಡುತ್ತದಲ್ಲ ಸರ್? ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಹೇಗೆ?

ಗ್ರೇಡ್‌ಮಾಸ್ತರ

ಬೇಡಾ!! ಬಾಟಲಿಯ ಡ್ರಾಯಿಂಗ್ ಇಂಕಿನಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ. ಪೆನ್ನಿನ ಒಳಗೆ ಒಣಗಿದರೆ ಪೆನ್ನಿನ ಕಥೆ ಮುಗಿಯಿತು. ಅದು ಅದ್ದಿ ಬರೆಯುವ ನಿಬ್ಬಿಗೆ. ಇಲ್ಲವಾದರೆ ಪಿಗ್ಮೆಂಟ್ ಶಾಯಿಯ ಪೆನ್ನು ತೆಗೆದುಕೊಳ್ಳಿ, ಗೆರೆ ಎಳೆದು ಒಂದೆರಡು ನಿಮಿಷ ಬಿಟ್ಟು ಬಣ್ಣ ಹಚ್ಚಿ.

ಚಿಗರಿಸೀಟು

ಜರ್ನಲ್ ಫ್ಯಾಷನ್ ಎಂದವರು ಈಗ ಎಲ್ಲರಿಗಿಂತ ಜಾಸ್ತಿ ಬರೆಯುತ್ತಿದ್ದಾರೆ, ಗಮನಿಸಿದಿರಾ?

ಬೆಟಗೇರಿಪ್ರೆಸ್ (ಗದಗ)

ತುಟ್ಟಿ ಹಾಳೆಯ ಭಯಕ್ಕೆ ನನ್ನ ಹತ್ತಿರ ಮದ್ದು ಇದೆ. ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರಲ್ಲ, ಪ್ರೆಸ್ಸುಗಳಿಗೆ ಬರವಿಲ್ಲ. ಪುಸ್ತಕ, ಕ್ಯಾಲೆಂಡರ್, ಲಗ್ನಪತ್ರಿಕೆ ಕತ್ತರಿಸಿದ ಮೇಲೆ ಅಂಚಿನ ಹಾಳೆ ರಾಶಿ ಬೀಳುತ್ತದೆ. ರದ್ದಿಗೆ ಹೋಗುವ ಮಾಲು. ಲಗ್ನಪತ್ರಿಕೆಯ ದಪ್ಪ ಕಾರ್ಡು, ಕೆನೆಬಣ್ಣದ ಹಾಳೆ, ಹೊಳಪಿನದು, ಒರಟಿನದು. ಕೆಜಿ ಲೆಕ್ಕದಲ್ಲಿ ಕೇಳಿ, ಕೊಡುತ್ತಾರೆ.

ನಾಲ್ಕು ನಾಲ್ಕು ಹಾಳೆ ಮಡಚಿ ಒಂದು ಕಟ್ಟು ಮಾಡಿ. ಅಂಥ ಎಂಟು ಕಟ್ಟು. ಮಡಿಕೆಯಲ್ಲಿ ದಬ್ಬಣದಿಂದ ಐದು ತೂತು. ದಾರಕ್ಕೆ ಮೇಣ ತಿಕ್ಕಿ ಹೊಲಿಯಿರಿ. ಬೈಂಡಿಂಗ್ ಅಂಗಡಿಯವರಿಗೆ ಕೊಟ್ಟರೆ ಕ್ಯಾಲಿಕೊ ಬೆನ್ನು ಹಾಕಿ ಕೊಡುತ್ತಾರೆ. ಹೊಲಿದ ಪುಸ್ತಕ ಮಲಗಿಸಿದರೆ ಪೂರ್ತಿ ತೆರೆದುಕೊಳ್ಳುತ್ತದೆ, ಬರೀ ಗೋಂದು ಹಚ್ಚಿದ್ದು ಮಧ್ಯಕ್ಕೆ ಬಾಯಿ ಬಿಡುವುದಿಲ್ಲ. ತೆಳು ಹಾಳೆಗೆ ನೀರು ತಾಗಿದರೆ ಹಪ್ಪಳ ಆಗುತ್ತದೆ, ಅದು ಮಾತ್ರ ನಿಜ. ಬಣ್ಣಕ್ಕೆ ಕಾರ್ಡಿನ ಹಾಳೆ, ಪೆನ್ಸಿಲ್ಲಿಗೆ ಉಳಿದದ್ದು.

ನನ್ನ ಈಗಿನ ಪುಸ್ತಕದ ಮೂರನೇ ಪುಟದಲ್ಲಿ ಅರ್ಧ ಅಚ್ಚಾದ "ತಮ್ಮ ಆಗಮನಾಭಿಲಾಷಿಗಳು" ಇದೆ. ಅದರ ಕೆಳಗೆ ನಮ್ಮ ಪ್ರೆಸ್ಸಿನ ಬೆಕ್ಕು ಬಿಡಿಸಿದೆ.

ಖಾಲಿಹಾಳೆ

ನಾಲ್ಕು ದಿನದಿಂದ ಬರೀ ಓದುತ್ತಾ ಇದ್ದೇನೆ. ಇಷ್ಟು ಜನ ಇದ್ದೀರಿ ಎಂದೇ ಗೊತ್ತಿರಲಿಲ್ಲ. ಅಜ್ಜಿಯ ನೋಟ್‌ಬುಕ್ ತಲೆಯಿಂದ ಹೋಗುತ್ತಿಲ್ಲ. ನಾವೂ ಹಾಗೆ ಒಂದು ಪುಸ್ತಕ ಸುತ್ತಿಸಿದರೆ? ಒಬ್ಬರು ಒಂದು ಪುಟ, ಮುಂದಿನವರಿಗೆ ದಾಟಿಸುವುದು.

ಮಾಗಡಿಹೆಬ್ಬಾತು (ಲಕ್ಷ್ಮೇಶ್ವರ)

ನಾನು ಮಾಡಿ ಕೈ ಸುಟ್ಟುಕೊಂಡವನು. ಐದು ಜನ, ಒಂದು ಪುಸ್ತಕ, ನಾಲ್ಕು ಊರು. ನನ್ನ ಪಾಲು ಹಕ್ಕಿಗಳದ್ದು. ಚಳಿಗಾಲಕ್ಕೆ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ. ಮೂರು ಬೆಳಿಗ್ಗೆ ಕೂತು ಎರಡು ಪುಟ ತುಂಬಿದ್ದೆ. ಹಕ್ಕಿ ಒಂದು ನಿಮಿಷ ನಿಲ್ಲುವುದಿಲ್ಲ. ಒಂದರ ಕುತ್ತಿಗೆ, ಇನ್ನೊಂದರ ರೆಕ್ಕೆ, ಮೂರನೆಯದರ ಕಾಲು ಸೇರಿಸಿ ಒಂದು ಹಕ್ಕಿ ಮಾಡಬೇಕು.

ಮೂರನೇ ಸುತ್ತಿಗೆ ಒಂದು ಕೊರಿಯರ್‌ನವರು ಪುಸ್ತಕ ಕಳೆದರು. ಹೆಸರು ಬೇಡ. "ಒಳಗೆ ಏನಿತ್ತು, ಬೆಲೆ ಎಷ್ಟು" ಎಂದು ಕೇಳಿದರು. ಏನಂತ ಹೇಳಲಿ?

ರಾಣೆಬೆನ್ನೂರುದೂರ

ನಾನು ಅಮೆರಿಕದಲ್ಲಿ ಇರುವವನು. ಇಲ್ಲಿ ಸ್ಕೆಚ್‌ಬುಕ್ ಪ್ರಾಜೆಕ್ಟ್ ಅಂತ ಇತ್ತು, 2006ರಲ್ಲಿ ಶುರುವಾಗಿದ್ದು. ಅವರು ಖಾಲಿ ಪುಸ್ತಕ ಕಳಿಸುತ್ತಿದ್ದರು, ತುಂಬಿಸಿ ವಾಪಸು ಕಳಿಸಬೇಕಿತ್ತು. ಬ್ರೂಕ್ಲಿನ್‌ನಲ್ಲಿ ಅವರದೇ ಲೈಬ್ರರಿ. ಯಾರು ಬೇಕಾದರೂ ಹೋಗಿ ಯಾರ ಪುಸ್ತಕ ಬೇಕಾದರೂ ತೆಗೆದು ನೋಡಬಹುದಿತ್ತು. ನಾನು ಒಮ್ಮೆ ಹೋಗಿದ್ದೆ. ಯಾರೋ ಗುರುತಿಲ್ಲದವರು ತಮ್ಮ ಅಡುಗೆಮನೆಯ ಕಿಟಕಿಯನ್ನೇ ಪುಟ ಪುಟದಲ್ಲೂ ಬಿಡಿಸಿದ್ದರು. ಊರು ನೆನಪಾಗಿ ಅಲ್ಲೇ ಕೂತುಬಿಟ್ಟೆ.

2022ರಲ್ಲಿ ಸಾಗಿಸುವಾಗ ಲಾರಿಗೆ ಬೆಂಕಿ ಬಿದ್ದು ಸಾವಿರಾರು ಪುಸ್ತಕ ಸುಟ್ಟವು. ಆಮೇಲೆ ಅದು ಮುಚ್ಚಿತು. ಹಾಗಾಗಿ ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ.

ಮುಸುಕಿನಬಾವಿ

ನಮ್ಮ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆಯೇ ಇದಕ್ಕೆ ಪರಿಹಾರ ಕಂಡುಕೊಂಡಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದಳಂತೆ. ಒಂದು ಹೋದರೆ ಇನ್ನೊಂದು.

ಸಾಧನಕೇರಿಹುಡುಗ

ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಕಳೆಯುವುದಿಲ್ಲ.

ಬೆಟಗೇರಿಪ್ರೆಸ್

ಈಗ ಆ ಹೆಸರಿನದು ಇಲ್ಲ ತಮ್ಮಾ. 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ. ಪೋಸ್ಟ್ ಕಾರ್ಡ್ ಮಾತ್ರ ಇನ್ನೂ 50 ಪೈಸೆ. ಪುಸ್ತಕದ ಉಸಾಬರಿ ಬೇಡವೆಂದರೆ ಕಾರ್ಡಿನ ಮೇಲೆ ಚಿತ್ರ ಬಿಡಿಸಿ ಕಳಿಸಿಕೊಳ್ಳೋಣ. ಕಳೆದರೂ ಎಂಟಾಣೆ.

ಚಿಗರಿಸೀಟು

ಅಂಚೆ ಯಾಕ್ರಿ? ಹುಬ್ಬಳ್ಳಿ ಧಾರವಾಡ 22 ಕಿಲೋಮೀಟರ್. ಚಿಗರಿ ಬಸ್ ಹತ್ತಿದರೆ ಕೈಗೇ ಮುಟ್ಟಿಸಬಹುದು. ನಾನು ದಿನಾ ಹೋಗಿಬರುತ್ತೇನೆ. ಬಸ್ಸಿನಲ್ಲೇ ಬಿಡಿಸುತ್ತೇನೆ, ಮುಂದಿನ ಸೀಟಿನವರ ಬೆನ್ನು, ತಲೆ, ಮಲ್ಲಿಗೆ ದಂಡೆ. ನನ್ನ ಡೈರಿಯಲ್ಲಿ ಮುಖಗಳೇ ಇಲ್ಲ, ಬರೀ ಹಿಂಬದಿ.

ಒಂಟಿಕಾಗೆ

ಇನ್ನೊಂದು ಸಲ ಹೇಳುತ್ತೇನೆ, ಎಲ್ಲರಿಗೂ ಇದು ಹೊಂದುವುದಿಲ್ಲ.

ಎರಡು ವರ್ಷದ ಹಿಂದೆ ಅಪ್ಪನನ್ನು ಆಸ್ಪತ್ರೆಗೆ ಹಾಕಿದ್ದೆವು. 19 ದಿನ. ಕಾರಿಡಾರಿನ ಬೆಂಚಿನ ಮೇಲೆ ರಾತ್ರಿ ಕೂರಬೇಕು, ನಿದ್ದೆ ಬರುವುದಿಲ್ಲ. ಔಷಧಿ ಚೀಟಿಯ ಹಿಂದೆ ಬಿಡಿಸತೊಡಗಿದೆ. ವಾರ್ಡಿನ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳು. ಸಲೈನ್ ಸ್ಟ್ಯಾಂಡು. ಒಳಗೆ ಬಿಟ್ಟಾಗ ಅಪ್ಪನ ಕೈ. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ಹೆಬ್ಬೆರಳಿನ ಉಗುರು ಒಡೆದು ಎರಡಾಗಿತ್ತು. ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ಬಿಡಿಸುವಾಗಲೇ ಮೊದಲ ಸಲ ನೋಡಿದ್ದು.

ಆ ಚೀಟಿಗಳನ್ನು ಒಂದು ಪುಸ್ತಕಕ್ಕೆ ಅಂಟಿಸಿದ್ದೇನೆ. ಯಾರಿಗೂ ತೋರಿಸಿಲ್ಲ. ತೋರಿಸಿದರೆ ಯಾರಾದರೂ "ಚೆನ್ನಾಗಿದೆ" ಅನ್ನುತ್ತಾರೆ. ಆ ಮಾತು ನನಗೆ ಬೇಡ.

ಕಿರ್ದಿಕಾಕಾ

ತೋರಿಸಬೇಡಪ್ಪಾ. ಇಟ್ಟುಕೋ. ನಾವು ಕೇಳುವುದಿಲ್ಲ.

ಸುಮ್ನೆ ಪಕ್ಕದಲ್ಲಿ ಬಂದು ಕೂಡು, ಚಹಾ ಕುಡಿಯೋಣ. ಪುಸ್ತಕ ಮನೆಯಲ್ಲೇ ಬಿಟ್ಟು ಬಾ.

ಖಾಲಿಹಾಳೆ

ಸಲೈನ್ ಸ್ಟ್ಯಾಂಡು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಗ್ರೇಡ್‌ಮಾಸ್ತರ

ನಾನೂ ಒಂದು ಹೇಳಿಬಿಡುತ್ತೇನೆ. 22 ವರ್ಷದಿಂದ ಮಕ್ಕಳ ಚಿತ್ರ ತಿದ್ದುತ್ತಿದ್ದೇನೆ. ಕೆಂಪು ಪೆನ್ಸಿಲ್ಲು ಕೈಯಲ್ಲೇ ಇದೆ. ನಿನ್ನೆ ಮನೆಯಲ್ಲಿ ನನ್ನದೇ ಸ್ಕೆಚ್ ಬುಕ್ ಹುಡುಕಿದೆ. ಕೊನೆಯ ಪುಟದ ತಾರೀಖು 2011. ನುಗ್ಗೀಕೇರಿ ಹನುಮಪ್ಪನ ಗುಡಿಯ ಮುಂದಿನ ಮರ, ಅರ್ಧ.

ತಂಗಿ, ಎಮ್ಮೆಯನ್ನು ಕುರ್ಚಿ ಎಂದವರು ಯಾವ ಮಾಸ್ತರರೋ ಗೊತ್ತಿಲ್ಲ. ನಾನೂ ಎಷ್ಟು ಮಕ್ಕಳಿಗೆ ಹಾಗೆ ಅಂದಿದ್ದೇನೋ ಲೆಕ್ಕ ಇಟ್ಟಿಲ್ಲ.

ಯಾಲಕ್ಕಿಹಾರ

ಮಾಸ್ತರ್ರೆ, ಮರ ಮುಗಿಸಲಿಕ್ಕೆ ಯಾವಾಗ ಹೋಗೋಣ?

ಚಿಗರಿಸೀಟು

ಸಾಕು ಮಾತು. ಭಾನುವಾರ ಬೆಳಿಗ್ಗೆ 7, ಉಣಕಲ್ ಕೆರೆ ದಂಡೆ.

ಸಾಧನಕೇರಿಹುಡುಗ

ಧಾರವಾಡದಲ್ಲಿ ಇಡಿ. ಸಾಧನಕೇರಿ.

ಚಿಗರಿಸೀಟು

ನೀನು ಮನೆಯಿಂದ ಎದ್ದು ಬರುವುದು ತಪ್ಪುತ್ತದೆ ಅಂತ ಅಲ್ವಾ.

ಮುಸುಕಿನಬಾವಿ

ಕೆರೆ ದಂಡೆಯಲ್ಲಿ ವಾಕಿಂಗ್ ಜನ ಬಗ್ಗಿ ಬಗ್ಗಿ ನೋಡುತ್ತಾರೆ, ಹೊಸಬರಿಗೆ ಕಷ್ಟ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗೋಣ. ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಿಲು ಇದೆ. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕಾಣದ ಹಾಗೆ ನಾಲ್ಕು ಕಡೆ ಕೂರಬಹುದು, ಬೇಕಾದಾಗ ಒಟ್ಟಿಗೆ ಸೇರಬಹುದು. ನಾನು ಗದಗಿನಿಂದ ಮೊದಲ ಬಸ್ಸಿಗೆ ಬರುತ್ತೇನೆ.

ರಾಣೆಬೆನ್ನೂರುದೂರ

ಒಂದು ಅಡ್ಡ ಪ್ರಶ್ನೆ. ಕಾಕಾ "ಚಿತ್ರ ತೆಗೆಯುವುದು" ಅಂದರು, ಉಳಿದವರು "ಬಿಡಿಸುವುದು" ಅನ್ನುತ್ತಿದ್ದೀರಿ. ನಮ್ಮ ಮನೆಯಲ್ಲಿ ತೆಗೆಯುವುದೇ. ಯಾವುದು ಸರಿ?

ಕಿರ್ದಿಕಾಕಾ

ಚಿತ್ರ ಹಾಳೆಯ ಒಳಗೇ ಇರುತ್ತದೆ. ನಾವು ತೆಗೆಯುತ್ತೇವೆ.

ಯಾಲಕ್ಕಿಹಾರ

ಬಿಡಿಸುವುದಕ್ಕೆ ಅದೇನು ಮೆಂತ್ಯ ಸೊಪ್ಪಾ? ತೆಗೆಯುವುದೇ ಸರಿ.

ಸಾಧನಕೇರಿಹುಡುಗ

ಎರಡೂ ಸರಿ. ಮೈಸೂರಿನವರು "ಬರೆಯುವುದು" ಅನ್ನುತ್ತಾರೆ, ಅದಕ್ಕೇನು ಹೇಳುತ್ತೀರಿ? ಇದರ ಮೇಲೆ ಬೇರೆ ಚರ್ಚೆ ತೆಗೆಯಿರಿ, ಇಲ್ಲವಾದರೆ ಬಿಡಿಸಿ.

ಖಾಲಿಹಾಳೆ (ಭಾನುವಾರ ಸಂಜೆ)

ಹೋಗಿ ಬಂದೆ. ಒಟ್ಟು ಎಂಟು ಜನ.

ಮೊದಲ ಅರ್ಧ ತಾಸು ನಾನು ಪುಸ್ತಕ ಚೀಲದಿಂದ ತೆಗೆಯಲೇ ಇಲ್ಲ. ಕಾಕಾ ಮೂರು ಕಿರ್ದಿ ತಂದಿದ್ದರು. ಒಂದರಲ್ಲಿ ಒಬ್ಬ ಹೆಂಗಸು, ತೊಡೆಯ ಮೇಲೆ ಮಗು, ಎದುರಿಗೆ ಸೀರೆ ರಾಶಿ. ಮೂಲೆಯಲ್ಲಿ ಬರೆದಿದೆ: "ಕೊಳ್ಳಲಿಲ್ಲ." ಅದನ್ನು ನೋಡಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ಮಾಸ್ತರರು ಒಂದೂ ಮಾತಾಡದೆ ಕಂಬ ಬಿಡಿಸುತ್ತಾ ಕೂತಿದ್ದರು. ಕೈ ಎಷ್ಟು ಚುರುಕು! ಒಂಟಿಕಾಗೆಯವರೂ ಬಂದಿದ್ದರು. ಕೈಯಲ್ಲಿ ಪುಸ್ತಕ ಇರಲಿಲ್ಲ, ಎಲ್ಲರಿಗೂ ಗಿರಮಿಟ್ ಕಟ್ಟಿಸಿಕೊಂಡು ಬಂದಿದ್ದರು. ಆಮೇಲೆ ಪ್ರೆಸ್ಸಿನವರ ಹತ್ತಿರ ಒಂದು ಹಾಳೆ ಕೇಳಿ ತೆಗೆದುಕೊಂಡು ಆ ಕಡೆಯ ಬಾಗಿಲಿಗೆ ಹೋಗಿ ಕೂತರು. ಏನು ಬಿಡಿಸಿದರೋ ಯಾರೂ ಕೇಳಲಿಲ್ಲ.

ಗುಡಿಯ ಹೊರಗೆ ಒಂದು ಎಮ್ಮೆ ಇತ್ತು. ನಿಜವಾಗಿ ಇತ್ತು, ಕಥೆ ಕಟ್ಟುತ್ತಿಲ್ಲ. ಬಿಡಿಸಿದೆ. ಎರಡನೇ ಪುಟದಲ್ಲಿ. ಈ ಸಲವೂ ಸ್ವಲ್ಪ ಕುರ್ಚಿಯ ಹಾಗೆಯೇ ಇದೆ. ಮಾಸ್ತರರು ನೋಡಿ, "ಎಮ್ಮೆಯ ಬೆನ್ನು ಹಾಗೇ ಇರುತ್ತದಮ್ಮಾ, ಚಪ್ಪಟೆ. ಕೊಕ್ಕರೆ ಮತ್ತೆ ಎಲ್ಲಿ ಕೂರಬೇಕು?" ಅಂದರು.

ಕಸೂತಿಯವರು ಬರಲಾಗಲಿಲ್ಲ, ಅಜ್ಜಿಯ ಸ್ಟೋವಿನ ನಮೂನೆ ಫೋಟೋ ಕಳಿಸಿದ್ದರು. ಪ್ರೆಸ್ಸಿನವರು ಹೊಲಿದು ತಂದ ಪುಸ್ತಕಕ್ಕೆ ಅದನ್ನೇ ಮೊದಲ ಪುಟಕ್ಕೆ ಇಳಿಸಿದೆವು. ಆ ಪುಸ್ತಕ ಈಗ ಸುತ್ತಲು ಶುರುವಾಗಿದೆ. ಒಬ್ಬರ ಹತ್ತಿರ ಒಂದು ವಾರ, ಕೈಯಿಂದ ಕೈಗೆ. ಫೋಟೋ ತೆಗೆದಿಟ್ಟೇ ಮುಂದಕ್ಕೆ ಕೊಡಬೇಕು. ಹೆಬ್ಬಾತಿನವರದೇ ಷರತ್ತು.

ರಾಣೆಬೆನ್ನೂರುದೂರ

ನನಗೊಂದು ಪುಟ ಖಾಲಿ ಬಿಡಿ. ಬೇಸಿಗೆಗೆ ಊರಿಗೆ ಬರುತ್ತೇನೆ.

ಕಸೂತಿಮೊಮ್ಮಗಳು

ಸ್ಟೋವಿನ ಎಡಗಡೆ ಒಂದು ಮನೆ ಕಡಿಮೆ ಹಾಕಿದ್ದೀರಿ. ತಿದ್ದಬೇಡಿ, ಪಕ್ಕದಲ್ಲಿ ಬರೆಯಿರಿ. ಪದ್ಧತಿ ಹಾಗೇ.

ಮಾಗಡಿಹೆಬ್ಬಾತು (ಐದು ವಾರದ ನಂತರ)

ಪುಸ್ತಕ ಈಗ ಯಾರ ಹತ್ತಿರ ಇದೆ? ಕೆರೆಗೆ ಹಕ್ಕಿ ಇಳಿದಿವೆ, ನನ್ನ ಪಾಳಿ ಬೇಗ ಬರಲಿ.

ಖಾಲಿಹಾಳೆ

ನನ್ನ ಹತ್ತಿರ. ನಾಳೆ ಚಿಗರಿಸೀಟು ಒಯ್ಯುತ್ತಾರೆ. ಒಂದು ಅನುಮಾನ, ಏಳನೇ ಪುಟದಲ್ಲಿ ಕೆಂಪು ಬಣ್ಣಕ್ಕೆ ಮೆಣಸಿನಕಾಯಿ ವಾಸನೆ ಬರುತ್ತಿದೆ. ಹುಳ ಹಿಡಿಯುತ್ತವೆ, ಮತ್ತೆ ಬ್ಯಾಡಗಿ ಹಚ್ಚಬೇಡಿ ಎಂದು ಹೇಳಿದ್ದೆವಲ್ಲ?

ಯಾಲಕ್ಕಿಹಾರ

ಅದು ಚಿತ್ರ ಅಲ್ಲ, ಅಕ್ಕಾ. ಊಟ ಮಾಡುವಾಗ ಚಟ್ನಿ ಬಿತ್ತು.

ಖಾಲಿಹಾಳೆ

ಅಯ್ಯೋ, ನಾನು ಅದಕ್ಕೆ ಸೊಂಡಿ, ಕಾಲು ಎಲ್ಲಾ ತೆಗೆದು ಆನೆ ಮಾಡಿಬಿಟ್ಟೆನಲ್ಲಾ!